ನೆಗಡಿಯಾದ ಪೆಟ್ಟಿಗೆ

ಹಳೆಯ ಸ್ಪೀಕರನ್ನು ರಿಪೇರಿಗೆಂದು ಹೊತ್ತು ತಂದವರಿಗೆ ಪೆಟ್ಟಿಗೆ ಮಾಮ ಈಗ ಮೊದಲು ಕೇಳುವುದು ಒಂದೇ ಪ್ರಶ್ನೆ. ಪೆಟ್ಟಿಗೆಯ ಮುಂದಿನ ಬಟ್ಟೆ ಸರಿಸಿ, ಟಾರ್ಚ್ ಬಿಟ್ಟು ಒಳಗೆ ಇಣುಕಿ, "ಈ ತೇಪೆ ಯಾರು ಹಾಕಿದ್ದು?" ಅನ್ನುತ್ತಾನೆ. "ಯಾರೋ ಮೆಕ್ಯಾನಿಕ್ ಇರ್ಬೇಕು ಬಿಡಿ" ಅಂದರೆ ಅವನಿಗೆ ಸಮಾಧಾನವಿಲ್ಲ. "ಇರ್ಬೇಕು ಅಂದ್ರೆ ಆಗಲ್ಲ. ಮನೇಲಿ ದೊಡ್ಡವರನ್ನ ಕೇಳ್ಕೊಂಡು ಬನ್ನಿ" ಎಂದು ವಾಪಸು ಕಳಿಸುತ್ತಾನೆ. ಅಷ್ಟು ಭಾರದ ಮರದ ಡಬ್ಬವನ್ನು ಮಹಡಿಯಿಂದ ಇಳಿಸಿ ತಂದವರು ಮನಸ್ಸಿನಲ್ಲೇ ಶಾಪ ಹಾಕಿಕೊಂಡು ಹೋಗುತ್ತಾರೆ. ಮುದುಕನಿಗೆ ಅರಳುಮರಳು ಎಂದು ಬೀದಿ ಎಂದೋ ತೀರ್ಮಾನಿಸಿದೆ. ಬೀದಿಗೇನು, ತೀರ್ಮಾನ ಮಾಡುವುದಕ್ಕೆ ಅದಕ್ಕೆ ಯಾವಾಗಲೂ ಪುರುಸೊತ್ತಿರುತ್ತದೆ.

ಮನೆಯ ಮುಂದಿನ ಕೋಣೆಯೇ ಅವನ ಕಾರ್ಖಾನೆ. ನೆಲದಿಂದ ಸೂರಿನವರೆಗೆ ಸ್ಪೀಕರುಗಳು. ಸಿನಿಮಾ ಮಂದಿರದ ಪರದೆಯ ಹಿಂದೆ ನಿಂತು ದುಡಿದು ಬಂದವು ಒಂದು ಗೋಡೆಗೆ, ಉಳ್ಳವರ ಹಜಾರದಲ್ಲಿ ಮೆರೆದು ಕಡೆಗೆ ಗುಜರಿ ಸೇರಿದ್ದ ತೇಗದ ಪೆಟ್ಟಿಗೆಗಳು ಇನ್ನೊಂದು ಗೋಡೆಗೆ; ರೈಲು ನಿಲ್ದಾಣದ ಕಂಬದಿಂದ ಇಳಿಸಿದ ಒಂದು ಕಹಳೆ ಕಿಟಕಿಯನ್ನೇ ಮುಚ್ಚಿಕೊಂಡು ಕೂತಿದೆ. ಅಡುಗೆಮನೆಗೆ ಹೋಗಲು ಹೆಂಡತಿಗೆ ಬಿಟ್ಟಿರುವ ದಾರಿ ಒಂದಾಳು ಅಡ್ಡಡ್ಡ ನುಸುಳುವಷ್ಟು. ಅವನೋ ಮಾತು ಬಲು ಕಡಿಮೆಯ ಮನುಷ್ಯ. "ಈ ಮನೇಲಿ ಬಾಯಿ ಇಲ್ದೇ ಇರೋದು ನಮ್ಮ ಯಜಮಾನರೊಬ್ಬರಿಗೇ" ಎಂದು ಹೆಂಡತಿ ಬಂದವರಿಗೆಲ್ಲ ಹೇಳುತ್ತಾಳೆ.

ಸ್ಪೀಕರಿನ ಜೀವ ಇರುವುದು ಅದರ ಕೋನ್‌ನಲ್ಲಿ. ದಪ್ಪ ಕಾಗದದಲ್ಲಿ ಮಾಡಿದ, ಆಲಿಕೆಯಂಥ ಒಂದು ಬಟ್ಟಲು ಅದು. ಬುಡದಲ್ಲಿ ಸುತ್ತಿದ ತಾಮ್ರದ ತಂತಿಯ ಕಾಯಿಲ್ ಅದನ್ನು ನಡುಗಿಸುತ್ತದೆ. ನಡುಗಿದರೆ ದನಿ, ಹರಿದರೆ ಗೊರಗೊರ. ಬೇರೆ ಮೆಕ್ಯಾನಿಕ್ಕುಗಳು ಹರಿದ ಕಡೆ ಕೈಗೆ ಸಿಕ್ಕಿದ ಕಾಗದ ಅಂಟಿಸಿ ಕೈತೊಳೆದುಕೊಳ್ಳುತ್ತಿದ್ದರು. ಪೆಟ್ಟಿಗೆ ಮಾಮನಿಗೆ ಅದು ಆಗದು. ತೇಪೆ ಕಂಡರೆ ಅವನಿಗೆ ಮೈಯೆಲ್ಲ ಉರಿ. "ಕೊಲೆಗಡುಕರು" ಎಂದು ಗೊಣಗುತ್ತ ಅದನ್ನು ಕಿತ್ತೆಸೆದು, ಅದೇ ಕಂಪನಿಯ, ಅದೇ ಕಾಲದ ಕೋನ್ ಸಿಗುವವರೆಗೆ ಊರೂರು ಅಲೆಯುತ್ತಿದ್ದ. ಪೆಟ್ಟಿಗೆ ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗೆ ಹಾಡಿತ್ತೋ ಹಾಗೆಯೇ ಹಾಡಬೇಕು, ಅದು ಅವನ ಹಟ. ಆ ಹಟಕ್ಕೆ ಹೆಸರೂ ಬಂದಿತ್ತು.

ಹೀಗಿದ್ದೂ ಅವನ ಸ್ವಂತ ಮನೆಯ ಪೆಟ್ಟಿಗೆ ಮಾತ್ರ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿತ್ತು. ಅವನ ಅಪ್ಪ ಸಿನಿಮಾ ಮಂದಿರದಲ್ಲಿ ಟಿಕೆಟ್ ಹರಿಯುವ ಕೆಲಸದಲ್ಲಿದ್ದವನು. ಮಂದಿರಕ್ಕೆ ಹೊಸ ಯಂತ್ರ ಬಂದಾಗ ಬೇಡವೆಂದು ಬಿಟ್ಟ ಸ್ಪೀಕರನ್ನು ಮನೆಗೆ ತಂದು ರೇಡಿಯೋಗೆ ಜೋಡಿಸಿದ್ದ. ಅಪ್ಪನ ಕೊನೆಗಾಲದಲ್ಲಿ ಕಾಯಿಲ್ ಸುಟ್ಟು ಅದರ ದನಿ ನಿಂತಿತು. ಇನ್ನು ಅಮ್ಮ, ಇವನು ನಡೆಯಲು ಕಲಿಯುವ ಮೊದಲೇ ಹೋಗಿದ್ದಳು. ತನ್ನ ಜಡೆ ತಾನು ಹೆಣೆದುಕೊಳ್ಳಲೂ ಬಾರದ ವಯಸ್ಸಿನಲ್ಲಿ ಅವನಿಗೆ ಅಮ್ಮನಾದವಳು ಅಕ್ಕ. ಅಮ್ಮನದು ಎಂದು ಅವನ ಪಾಲಿಗೆ ಉಳಿದದ್ದು ಯಾರದೋ ಮದುವೆಯ ಫೋಟೋ ಒಂದೇ. ಅದರಲ್ಲೂ ಅವಳು ಪಕ್ಕದವರಿಗೆ ಏನೋ ಹೇಳುತ್ತ ಅತ್ತ ತಿರುಗಿದ್ದಳು. ಆ ದನಿ ಹೇಗಿತ್ತು ಎಂದು ಚಿಕ್ಕಂದಿನಲ್ಲಿ ಅಕ್ಕನನ್ನು ಪೀಡಿಸುತ್ತಿದ್ದ. "ಹೇಗಿತ್ತು ಅಂದ್ರೆ? ಅಮ್ಮನ ಥರಾನೇ ಇತ್ತು" ಅನ್ನುತ್ತಿದ್ದಳು. ಅದಕ್ಕಿಂತ ಹೆಚ್ಚು ಕೇಳಿದರೆ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ಅವನು ಕೇಳುವುದನ್ನೇ ಬಿಟ್ಟ.

ಅಕ್ಕ ಮದುವೆಯಾಗಿ ಹೋದ ಮೇಲೂ ಬಂದಾಗಲೆಲ್ಲ ಆ ಪೆಟ್ಟಿಗೆಯ ಬಟ್ಟೆ ಸವರಿ ಹೋಗುತ್ತಿದ್ದಳು. "ಊರವರ ಪೆಟ್ಟಿಗೆಗೆಲ್ಲ ಬಾಯಿ ಕೊಡ್ತೀಯ. ನಮ್ದೇನು ಪಾಪ ಮಾಡಿದೆಯೋ ಪುಟ್ಟಾ?" ತಲೆ ನರೆತ ಮೇಲೂ ಅವಳಿಗೆ ಅವನು ಪುಟ್ಟನೇ. "ಸಾಮಾನು ಸಿಗ್ಲಿ ಅಕ್ಕ, ಮಾಡ್ತೀನಿ" ಅನ್ನುತ್ತಿದ್ದ. ನಿಜಕ್ಕೂ ಹೊಸ ಕಾಯಿಲ್ ಸುತ್ತಿದ್ದರೆ ಸಾಕಿತ್ತು, ಅಂದೇ ಹಾಡುತ್ತಿತ್ತು. ಆದರೆ ಅದರ ಕೋನ್‌ಗೂ ಯಾರೋ ತೇಪೆ ಹಾಕಿದ್ದರು. ತನ್ನ ಮನೆಯ ಪೆಟ್ಟಿಗೆ ತೇಪೆ ಹಚ್ಚಿಕೊಂಡು ಹಾಡುವುದೇ? ಮಾಡಿದರೆ ಸರಿಯಾಗಿ ಮಾಡಬೇಕು ಎಂದುಕೊಂಡೇ ವರ್ಷಗಳು ಉರುಳಿದವು.

ಆಮೇಲೆ ಅಕ್ಕನಿಗೆ ಉಸಿರಿನ ಕಾಯಿಲೆ ಬಂತು. ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದರು. ಹಾಗೆಂದರೆ ಏನು ಎನ್ನುವುದು ಎಲ್ಲರಿಗೂ ಗೊತ್ತಿತ್ತು, ಅಕ್ಕನಿಗೆ ಎಲ್ಲರಿಗಿಂತ ಚೆನ್ನಾಗಿ. ನೋಡಲು ಹೋದ ತಮ್ಮನ ಕೈ ಹಿಡಿದು, "ನೀನು ಸಾಮಾನು ಹುಡುಕೋ ಹೊತ್ತಿಗೆ ನಾನು ಗಂಟುಮೂಟೆ ಕಟ್ಟಿರ್ತೀನಿ. ಒಂದೇ ಒಂದ್ಸಲ ಅದನ್ನ ಕೇಳಿಸಿಬಿಡೋ" ಎಂದಳು.

ಪೆಟ್ಟಿಗೆ ಮಾಮ ಊಟ ನಿದ್ದೆ ಮರೆತ. ಗೊತ್ತಿದ್ದ ಗುಜರಿಯವರನ್ನೆಲ್ಲ ಕಾಡಿ, ಕಡೆಗೆ ಮುಚ್ಚಿಹೋದ ಒಂದು ನಾಟ್ಯಶಾಲೆಯ ಉಗ್ರಾಣದಲ್ಲಿ ಅದೇ ಕಂಪನಿಯ ಸ್ಪೀಕರು ಹಿಡಿದ. ಕೋನ್ ಸ್ವಲ್ಪವೂ ಮುಕ್ಕಾಗಿರಲಿಲ್ಲ. ಸಿಕ್ಕಿತಲ್ಲ, ಅಕ್ಕ ಇರುವಾಗಲೇ ಸಿಕ್ಕಿತಲ್ಲ ಎಂದು ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಮಗುವಿನ ಹಾಗೆ ಇಟ್ಟುಕೊಂಡು ಬಂದ.

ಮನೆಗೆ ಬಂದವನೇ ಹಳೆಯ ಕೋನ್ ಬಿಚ್ಚಲು ಕೂತ. ಅಂಚಿನ ಅಂಟು ಒದ್ದೆ ಹತ್ತಿಗೆ ನೆನೆದು ಸಡಿಲವಾಯಿತು. ನಡುವೆ ಇತ್ತು ಆ ತೇಪೆ: ಕಂದು ಕಾಗದದ ತುಂಡು, ಮೈದಾ ಹಿಟ್ಟಿನ ಗೋಂದು. ಗೋಂದು ಎಷ್ಟು ದಪ್ಪಗೆ ಮೆತ್ತಿದ್ದರೆಂದರೆ ಒತ್ತಿ ಹಿಡಿದ ಹೆಬ್ಬೆರಳ ಗುರುತು ಗೆರೆಗೆರೆಯಾಗಿ ಹಾಗೇ ಉಳಿದಿತ್ತು. "ಥೂ, ಕೈಯಲ್ಲಿ ಕೆಲಸ ಇಲ್ಲದವನು" ಎಂದು ಬೈದು, ಇಡೀ ಕೋನನ್ನು ಮುದ್ದೆ ಮಾಡಿ, ಕೈಗೆ ಹತ್ತಿದ ಗೋಂದನ್ನು ಅದರಲ್ಲೇ ಒರೆಸಿ ಕಸದ ಬುಟ್ಟಿಗೆ ಎಸೆದ. ಬೆಳಗ್ಗೆ ಕಸದ ಗಾಡಿ ಬಂದು ಒಯ್ದಿತು.

ನಾಟ್ಯಶಾಲೆಯ ಕೋನ್, ಕಾಯಿಲ್ ಕೂಡಿಸಿದ ಪೆಟ್ಟಿಗೆ ಮಧ್ಯಾಹ್ನ ಆಟೋದಲ್ಲಿ ಅಕ್ಕನ ಮನೆಗೆ ಹೋಯಿತು. ಅಕ್ಕನ ಮಗಳು ತಾಯಿಯ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದಳು. ಅವನು ತಂತಿ ಜೋಡಿಸಿ, ಅಪ್ಪನಿಗೆ ಪ್ರಿಯವಾಗಿದ್ದ ದಪ್ಪ ಗಂಟಲಿನ ಗಾಯಕನ ಹಳೆಯ ಹಾಡು ಹಾಕಿದ. ಎಷ್ಟು ಚೊಕ್ಕವಾದ ದನಿ! ಅವನು ಅಕ್ಕನ ಮುಖವನ್ನೇ ನೋಡಿದ. ಅವಳು ಕಣ್ಣು ಮುಚ್ಚಿ ಹಾಡು ಮುಗಿಯುವವರೆಗೆ ಕೇಳಿದಳು.

"ಚೆನ್ನಾಗಿದೆ ಕಣೋ. ಯಾರದು ಈ ಪೆಟ್ಟಿಗೆ?"

"ನಮ್ದೇ ಅಕ್ಕ."

"ನಮ್ದಾ? ನಮ್ದಕ್ಕೆ ನೆಗಡಿ ಇತ್ತಲ್ಲೋ."

ಅವನಿಗೆ ಅರ್ಥವಾಗಲಿಲ್ಲ. ಅಕ್ಕ ಉಸಿರು ಎಳೆದುಕೊಳ್ಳುತ್ತ ಹೇಳಿದಳು. ಅಪ್ಪ ಅದನ್ನು ಸೈಕಲ್ಲಿನ ಮೇಲೆ ತರುವಾಗ ಬ್ರೇಕಿನ ಹಿಡಿ ಚುಚ್ಚಿ ಒಳಗಿನ ಕಾಗದ ಹರಿದಿತ್ತಂತೆ. ಅಮ್ಮ ತನ್ನ ಹೊಲಿಗೆಯ ಅಳತೆ ಕಾಗದದಲ್ಲಿ ಒಂದು ತುಂಡು ಕತ್ತರಿಸಿ, ಹಿಟ್ಟು ಕಾಯಿಸಿ, ತಾನೇ ಅಂಟಿಸಿದಳಂತೆ. ರೇಡಿಯೋದಲ್ಲಿ ದಪ್ಪ ದನಿಯವರು ಹಾಡಿದಾಗಲೆಲ್ಲ ಪೆಟ್ಟಿಗೆ ಗೊರಗೊರ ಅನ್ನುತ್ತಿತ್ತು. ಅಪ್ಪ ಸರಿಮಾಡಿಸಲು ಹೊರಟರೆ ಅಮ್ಮ ಬಿಡುತ್ತಿರಲಿಲ್ಲ. ಇರಲಿ, ಪಾಪ ಇವನಿಗೆ ನೆಗಡಿ ಎಂದು ನಗುತ್ತಿದ್ದಳಂತೆ.

"ನೀನಾಗ ತೊಟ್ಟಿಲಲ್ಲಿ. ಬಲಗೈಯಲ್ಲಿ ನಿನ್ನ ತೂಗ್ತಾ ಎಡಗೈ ಹೆಬ್ಬೆಟ್ಟಲ್ಲಿ ಅದನ್ನ ಒತ್ತಿ ಹಿಡ್ಕೊಂಡಿದ್ಳು, ಒಣಗೋವರೆಗೂ."

ಪೆಟ್ಟಿಗೆ ಮಾಮನ ಕೈ ತಾನಾಗಿಯೇ ಅಂಗಿಗೆ ಒರೆಸಿಕೊಳ್ಳುತ್ತಿತ್ತು.

"ಯಾಕೋ? ಆ ತೇಪೆ ತೆಗೆದ್ಯಾ?"

ಹೌದೆಂದು ತಲೆಯಾಡಿಸಿದ.

"ಇಟ್ಟಿದೀಯ ತಾನೇ?"

ಅವನು ಇಲ್ಲವೆಂದು ತಲೆ ಅಲ್ಲಾಡಿಸಿದ. ಅಕ್ಕ ಕಿಟಕಿಯ ಕಡೆ ನೋಡಿದಳು. "ಅಪ್ಪ ಹೇಳಿರ್ತಾರೆ, ನಿಂಗೆ ಗೊತ್ತಿದೆ ಅಂದ್ಕೊಂಡಿದ್ದೆ ಕಣೋ" ಎಂದಳು. ಬಯ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

ಮತ್ತೆ ಅವಳೇ, "ಇನ್ನೊಂದ್ಸಲ ಹಾಕು" ಎಂದಳು. ಹಾಕಿದ. ಗಾಯಕ ಅತಿ ಕೆಳಗಿನ ಸ್ವರಕ್ಕೆ ಇಳಿದ. ಅಲ್ಲಿ ಒಂದು ಚೂರೂ ಗೊರಗೊರ ಇರಲಿಲ್ಲ. ಅದನ್ನು ಅವನಿಗಿಂತ ಚೆನ್ನಾಗಿ ತಿಳಿಯಬಲ್ಲವರು ಯಾರಿದ್ದರು? ಆದರೆ ಅಕ್ಕ ಕೈಯೆತ್ತಿದಳು. "ಬಂತು ನೋಡು" ಎಂದಳು. ಆಮೇಲೆ ತನ್ನದಲ್ಲದ ದನಿಯಲ್ಲಿ, ಸ್ವಲ್ಪ ತಗ್ಗಿಸಿ, ಪ್ರತಿ ಮಾತಿನ ತುದಿಯನ್ನೂ ರಾಗವಾಗಿ ಎಳೆದು ಅಂದಳು: "ಪಾಪ ಕಣ್ರೋ, ಇವನಿಗೆ ನೆಗಡೀ... ಯಾರಾದ್ರೂ ಬಿಸಿನೀರು ಕೊಡ್ರೋ..."

ಅಕ್ಕನ ಬಾಯಲ್ಲಿ ಆ ದನಿಯನ್ನು ಅವನು ಎಂದೂ ಕೇಳಿರಲಿಲ್ಲ. ಯಾರದು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಮಂಚದ ಅಂಚಿಗೆ ಕೂತು, ತೊಟ್ಟಿಲ ಮಗುವಿನಂತೆ ಅಕ್ಕನ ಬಾಯನ್ನೇ ನೋಡಿದ.

"ಇನ್ನೊಂದ್ಸಲ ಅನ್ನಕ್ಕಾ."

ಅಷ್ಟರಲ್ಲಿ ಅವಳಿಗೆ ಕೆಮ್ಮು ಒತ್ತರಿಸಿ ಬಂತು. ಮಗಳು ಓಡಿ ಬಂದು ಬೆನ್ನು ನೀವಿ, "ಸಾಕು ಮಾಮ, ಇವತ್ತು ಮಾತಾಡಿಸ್ಬೇಡಿ" ಎಂದಳು. ಅಕ್ಕ ಕೆಮ್ಮಿನ ನಡುವೆಯೇ ಕೈ ಆಡಿಸಿ, "ನಾಳೆ ಬಾ ಪುಟ್ಟಾ, ಅಂತೀನಿ" ಎಂದಳು.

ಮಾರನೆಯ ದಿನ ಅವನು ಹೋಗುವಷ್ಟರಲ್ಲಿ ಆಮ್ಲಜನಕದ ಮಾಸ್ಕ್ ಅವಳ ಬಾಯಿ ಮೂಗು ಮುಚ್ಚಿತ್ತು. ತಮ್ಮನನ್ನು ಕಂಡು ಏನೋ ಹೇಳಲು ತುಟಿ ಅಲುಗಿಸಿದಳು. ಅವನು ಹತ್ತಿರ ಬಗ್ಗಿ ಕಿವಿಯಿಟ್ಟ. ಉಸಿರಿನ ಸದ್ದಷ್ಟೇ ಕೇಳಿಸಿತು. ಆ ವಾರವೇ ಅಕ್ಕ ಹೋದಳು. ಅಮ್ಮನ ದನಿ ಗೊತ್ತಿದ್ದ ಕೊನೆಯ ಗಂಟಲೂ ಅವಳೊಂದಿಗೇ ಹೋಯಿತು.

ಪೆಟ್ಟಿಗೆ ಮತ್ತೆ ತನ್ನ ಮೂಲೆಗೆ ಬಂತು. ಆವತ್ತಿನಿಂದ ಅವನು ಬಂದವರನ್ನೆಲ್ಲ ತೇಪೆ ಯಾರದು ಎಂದು ಕೇಳತೊಡಗಿದ್ದು. ತನ್ನ ಪೆಟ್ಟಿಗೆಯನ್ನು ಅವನು ಮುಂದೆ ಹಾಡಿಸಿದ್ದು ಒಮ್ಮೆ ಮಾತ್ರ. ಹೆಂಡತಿ ಆ ಇಕ್ಕಟ್ಟಿನ ದಾರಿಯಲ್ಲಿ ನುಸುಳಿ ಬಂದು, ಅವನ ಪಕ್ಕ ನೆಲದ ಮೇಲೆ ಕೂತಳು. ಅವನು ಬೆನ್ನು ಬಾಗಿಸಿ, ಕೋನ್‌ಗೆ ಕಿವಿ ತಗುಲುವಷ್ಟು ಹತ್ತಿರ ಕೂತು, ಒಂದೇ ಒಂದು ಗೊರಗೊರ ಬಂದೀತೇ ಎಂದು ಹಾಡಿನ ಕೊನೆಯವರೆಗೂ ಕಾದ. ಬರಲಿಲ್ಲ. ಅಷ್ಟು ಚೆನ್ನಾಗಿ ರಿಪೇರಿ ಮಾಡಿದ್ದ.