ಮೂರನೆಯ ಕ್ರಮಾಂಕದ ಬ್ಯಾಟರ್

ಮಣಿಪಾಲದಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ.ಗೆ ಸೇರಿದ ಮೊದಲ ವರ್ಷ ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಬೇಸ್‌ಬಾಲ್ ತಂಡವಿತ್ತು. ಆ ಆಟದಲ್ಲಿ ನಾವು ಬ್ಯಾಟು ಬೀಸುವುದಿಲ್ಲ. ಆಟಗಾರರನ್ನು ಆರಿಸಿ, ಯಾರ ನಂತರ ಯಾರು ಎಂದು ಕ್ರಮ ಹಾಕಿಕೊಡುತ್ತೇವೆ. ಪಂದ್ಯವನ್ನು ಕಂಪ್ಯೂಟರೇ ಆಡಿ ಮುಗಿಸುತ್ತದೆ. ನಿಜವಾದ ಬೇಸ್‌ಬಾಲನ್ನು ನಾನು ಒಮ್ಮೆಯೂ ನೋಡಿದವಳಲ್ಲ.

ಹಿಂದಿನ ಋತುವಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಹೊಡೆದಿದ್ದ ಒಬ್ಬನನ್ನು, ಚೆಂಡೆಸೆಯುವ ಒಳ್ಳೆಯ ಪಿಚರ್‌ಗಳನ್ನು ಬಿಟ್ಟುಕೊಟ್ಟು ತಂದಿದ್ದೆ. ಮೂರನೆಯ ಕ್ರಮಾಂಕ ಕೊಟ್ಟೆ. ಅವನು ಹೊಡೆಯಲೇ ಇಲ್ಲ. ಐದಕ್ಕೆ ಇಳಿಸಿದೆ, ಏಳಕ್ಕೆ ಇಳಿಸಿದೆ. ಆಟವೇ ಮೋಸ ಮಾಡುತ್ತಿದೆ ಎಂದುಕೊಂಡೆ.

ನನ್ನ ಸ್ಥಿತಿಯೂ ಹಾಗೇ ಇತ್ತು. ಕಾರ್ಕಳದಲ್ಲಿ ದೊಡ್ಡಮ್ಮನ ಮನೆಯಲ್ಲಿದ್ದು ಪದವಿ ಓದುವಾಗ ಪ್ರತಿ ವರ್ಷ ತರಗತಿಗೆ ಮೊದಲಿಗಳಾಗಿದ್ದವಳು, ಇಲ್ಲಿ ಮೊದಲ ಸೆಮಿಸ್ಟರಿನಲ್ಲಿ ನಡುವಿಗಿಂತ ಕೆಳಗಿದ್ದೆ. ಕೋರ್ಸು ಬಿಡುವುದೆಂದು ತೀರ್ಮಾನಿಸಿ, ಅದನ್ನು ಹೇಳಲೆಂದೇ ಒಂದು ಶನಿವಾರ ಕಾಪುವಿನ ಮನೆಗೆ ಹೋದೆ.

ಅಲ್ಲಿ ಅಣ್ಣನಿಗೆ ಬೇರೆಯೇ ಚಿಂತೆ. ಊರಿನ ಅಂಡರ್‌ಆರ್ಮ್ ಕ್ರಿಕೆಟ್ ಟೂರ್ನಮೆಂಟಿಗೂ ಈಗ ಹರಾಜು ನಡೆಯುತ್ತದೆ. ಮೈಕಿನಲ್ಲಿ ಒಬ್ಬೊಬ್ಬ ಆಟಗಾರನ ಹೆಸರು ಕೂಗುತ್ತಾರೆ. ತಂಡದವರು ಕೈ ಎತ್ತಿ ಬೆಲೆ ಕೂಗಿ, ತಮಗೆ ಕೊಟ್ಟ ಪಾಯಿಂಟುಗಳಲ್ಲಿ ಅವರನ್ನು ಕೊಳ್ಳುತ್ತಾರೆ. ಹೋದ ವರ್ಷದ ಫೈನಲಿನಲ್ಲಿ ಮಿಂಚಿದ್ದ ಹೂಡೆ ಊರಿನ ಒಬ್ಬನ ಮೇಲೆ ಅಣ್ಣ ತನ್ನ ತಂಡದ ಬಹುಪಾಲು ಪಾಯಿಂಟುಗಳನ್ನು ಸುರಿದಿದ್ದ. ಅಂದು ಬೆಳಿಗ್ಗೆ ಆತ ಬಂದಷ್ಟೇ ಬೇಗ ಔಟಾಗಿದ್ದ.

“ನಾಳೆ ಅವನನ್ನು ಹೊರಗೆ ಕೂರಿಸ್ತೀಯಾ?” ಊಟಕ್ಕೆ ಬಡಿಸುತ್ತ ಅಮ್ಮ ಕೇಳಿದರು.

“ಯಾಕೆ ಕೂರಿಸುವುದು?” ಅಣ್ಣ ಬಂಗುಡೆಯ ಮುಳ್ಳು ಬಿಡಿಸುತ್ತಿದ್ದ. “ಹೋದ ವರ್ಷ ಫೈನಲ್ ಆದದ್ದು ಶಾಲೆಯ ಮೈದಾನದಲ್ಲಿ. ಅಲ್ಲಿ ಕಾಂಪೌಂಡ್ ಇಷ್ಟೇ ದೂರ ಉಂಟು, ಎತ್ತಿದ್ದೆಲ್ಲ ಸಿಕ್ಸ್. ಕ್ಯಾಚ್ ಬೇರೆ ಬಿಟ್ಟಿದ್ದರು. ಅದನ್ನೂ ಅವನ ಲೆಕ್ಕಕ್ಕೇ ಹಾಕಿ ನಾವು ಕೈ ಎತ್ತಿದ್ದು.”

“ಮತ್ತೆ ಎಂತಕ್ಕೆ ತಗೊಂಡದ್ದು?”

“ಒಳ್ಳೆ ಆಟಗಾರನೇ ಅಮ್ಮ. ನಾವು ಅಂದಾಜು ಮಾಡಿದಷ್ಟು ಅಲ್ಲ, ಅಷ್ಟೆ. ನಮ್ಮ ಅಂದಾಜು ತಪ್ಪಿದ್ದಕ್ಕೆ ಅವನು ಎಂತ ಮಾಡ್ಲಿಕ್ಕುಂಟು?” ಅವನು ನನ್ನ ಕಡೆ ತಿರುಗಿದ. “ನಿನ್ನ ಬೇಸ್‌ಬಾಲಿನವ ಹೇಗಿದ್ದಾನೆ ಮಾರಾಯ್ತಿ? ಈಗಲೂ ಗಾಳಿಗೇ ಬೀಸುವುದಾ?”

“ಏಳನೆಯ ಕ್ರಮಾಂಕಕ್ಕೆ ಇಳಿಸಿದೆ.”

“ಪಾಪ! ಕೋಚ್ ಅಂತ ಅವನಿಗೆ ನೀನೇ ಸಿಗಬೇಕಿತ್ತಾ!”

ಅಮ್ಮ ನಕ್ಕರು, ನಾನೂ ನಕ್ಕೆ. ಹೇಳಬೇಕೆಂದಿದ್ದನ್ನು ಹೇಳಲಿಲ್ಲ.

ಊಟದ ನಂತರ ಲ್ಯಾಪ್‌ಟಾಪು ತೆರೆದು ಆ ಬ್ಯಾಟರ್‌ನ ಹಳೆಯ ಋತುಗಳನ್ನು ನೋಡಿದೆ. ಒಂದೇ ಒಂದು ಋತು ಅಸಾಧಾರಣವಾಗಿತ್ತು. ಆಗ ಅವನ ತಂಡದ ಮೈದಾನವೂ ಚಿಕ್ಕದು. ಅದಕ್ಕೆ ಹಿಂದಿನದೆಲ್ಲ ಒಳ್ಳೆಯ ಆಟವೇ, ಆದರೆ ಅಸಾಧಾರಣವಲ್ಲ. ಅತ್ಯುತ್ತಮವಾಗಿ ಕಂಡವರನ್ನೇ ಆರಿಸಿದಾಗ ಅವರ ಅದೃಷ್ಟವನ್ನೂ ಸೇರಿಸಿ ಆರಿಸಿರುತ್ತೇವೆ, ಅದೃಷ್ಟ ಮುಂದಿನ ಋತುವಿಗೆ ಬರಬೇಕೆಂದಿಲ್ಲ. ಇದನ್ನು ನಾನು ಪರೀಕ್ಷೆಯಲ್ಲಿ ಸೂತ್ರವಾಗಿ ಬರೆದಿದ್ದೆ. ನನಗೇ ಅನ್ವಯಿಸಿಕೊಂಡಿರಲಿಲ್ಲ. ಕಾರ್ಕಳದ ತರಗತಿ ಚಿಕ್ಕದು, ಪ್ರಶ್ನೆಗಳು ಪರಿಚಿತ. ಮಣಿಪಾಲದಲ್ಲಿ ನನ್ನ ಬೆಂಚಿನವರೆಲ್ಲ ತಮ್ಮ ತಮ್ಮ ಕಾಲೇಜಿಗೆ ಮೊದಲಿಗರು. ನಾನು ಕೆಟ್ಟಿರಲಿಲ್ಲ. ಮೈದಾನ ದೊಡ್ಡದಾಗಿತ್ತು.

ಮರುದಿನ ಹೂಡೆಯವನು ಒಂದಿಷ್ಟು ರನ್ನು ಹೊಡೆದ. ತಂಡ ಸೋತಿತು. ಸಂಜೆಯ ಬಸ್ಸಿನಲ್ಲಿ ನಾನು ಮಣಿಪಾಲಕ್ಕೆ ಮರಳಿ, ನನ್ನ ಬ್ಯಾಟರ್‌ಗೆ ಮೂರನೆಯ ಕ್ರಮಾಂಕವನ್ನು ಹಿಂತಿರುಗಿಸಿದೆ. ಋತು ಮುಗಿದಾಗ ಅವನು ನಡುವಿಗಿಂತ ಸ್ವಲ್ಪ ಮೇಲಿದ್ದ. ಎಂ.ಎಸ್ಸಿ. ಮುಗಿದಾಗ ನಾನೂ ಅಲ್ಲೇ ಇದ್ದೆ.

ಅಂದಾಜು ತಪ್ಪಿದ್ದು ನಮ್ಮದೆಂಬ ಊಟದ ಹೊತ್ತಿನ ಆ ಮಾತನ್ನು ಅಣ್ಣ ನನಗಾಗಿ ಹೇಳಿದ್ದಲ್ಲ. ಕೃತಜ್ಞತೆ ಹೇಳಹೊರಟರೆ ಎಲ್ಲವನ್ನೂ ವಿವರಿಸಬೇಕು, ಅದು ನನ್ನಿಂದಾಗದು. ಅದಕ್ಕೆ ಪ್ರತಿ ಹರಾಜಿಗೂ ಮುನ್ನ ಆಟಗಾರರ ಹಳೆಯ ಪಂದ್ಯಗಳನ್ನು ಹುಡುಕಿ, ಯಾರು ಎಲ್ಲಿ ಹೇಗೆ ಆಡಿದ್ದರೆಂದು ಅವನಿಗೆ ಕಳಿಸುತ್ತೇನೆ. ಅವನು ಶ್ರದ್ಧೆಯಿಂದ ಓದುತ್ತಾನೆ. ಮೈಕಿನಲ್ಲಿ ಹೆಸರು ಕೂಗಿದ ಕೂಡಲೇ ಎಲ್ಲ ಮರೆತು ಕೈ ಎತ್ತುತ್ತಾನೆ.