ಸದ್ದಿಲ್ಲದೆ ಅತ್ತ ಕೂಸು

ಲಾವೋಸ್ ದೇಶದ ಊ ಎಂಬ ನದಿಯ ದಂಡೆಯ ನಮ್ಮ ಹಳ್ಳಿಯಲ್ಲಿ ಬುವಲೊಯ್‌ಗೆ ಕಿವಿಯೇ ಕಣ್ಣು. ಯಾರ ಮಗ್ಗ ಬಡಿಯುತ್ತಿದೆ, ಯಾರ ದೋಣಿ ತಿರುವಿನಲ್ಲಿದೆ ಎಂದು ರೇಷ್ಮೆ ನೇಯುತ್ತ ಕೂತಲ್ಲೇ ಹೇಳಿಬಿಡುತ್ತಿದ್ದಳು. ಅಂಥವಳು ಚೊಚ್ಚಲು ಹೆತ್ತು, ಬಾಣಂತಿಯರನ್ನು ಮಲಗಿಸುವ ಕೆಂಡದ ಮಂಚ ಹತ್ತಿದಳು. ಕೆಳಗೆ ನಿಗಿನಿಗಿ ಬೆಂಕಿ, ಮೇಲೆ ಬಿದಿರಿನ ಹಾಸು, ಸುತ್ತ ಸೊಪ್ಪಿನ ಹೊಗೆ. ಊಟಕ್ಕೆ ಅಂಟಕ್ಕಿ ಅನ್ನ, ಉಪ್ಪು, ಸುಟ್ಟ ಶುಂಠಿ. ಬಾಣಂತಿ ಮೀನು, ಮಾಂಸ, ಕಾಳು ಮುಟ್ಟಿದರೆ ನಂಜು. ಮಂಚ ಇಳಿದ ಮೇಲೂ ಅತ್ತೆ ಮೇಬುನ್ ಆ ಪಥ್ಯ ಬಿಡಿಸಲಿಲ್ಲ.

ಮಂಪರಿನಲ್ಲಿ ದಿನಗಳು ನದಿಯ ಮೇಲಿನ ಮಂಜಿನಂತೆ ಜಾರಿದವು. ಕಾಲು ಜೋಮು ಹಿಡಿದು ತನ್ನವಲ್ಲ ಎನಿಸುತ್ತಿತ್ತು. ಊರಿನ ಮಗ್ಗಗಳೆಲ್ಲ ನೀರಿನಡಿಯಲ್ಲಿ ಬಡಿಯುತ್ತಿದ್ದಂತೆ ಕೇಳುತ್ತಿತ್ತು. ಒಂದು ಬೆಳಿಗ್ಗೆ, ಅಷ್ಟು ಸದ್ದುಗಳ ನಡುವೆ ಒಂದು ಸದ್ದು ಇಲ್ಲವಲ್ಲ ಎಂದು ಅವಳಿಗೆ ಹೊಳೆಯಿತು. ಮಗುವಿನ ಕಡೆ ತಿರುಗಿದಳು. ಬಾಯಿ ಅಗಲವಾಗಿ ತೆರೆದಿದೆ, ಕಣ್ಣೀರು ಇಳಿಯುತ್ತಿದೆ. ದನಿಯಿಲ್ಲ.

"ಅತ್ತೆ, ಮಗು ಅಳ್ತಿದೆ, ಕೇಳಿಸ್ತಾನೇ ಇಲ್ಲ."

"ನಿನ್ನ ಗಂಡ ಊರೆಲ್ಲ ಏಳೋ ಹಾಗೆ ಕಿರುಚ್ತಿದ್ದ. ಇದು ಸಾಧು ಕೂಸು. ಸುಮ್ನಿರು."

ಆದರೆ ಕೂಸು ಹಾಲು ಬಿಟ್ಟು ಏದುಸಿರು ಬಿಡತೊಡಗಿದಾಗ ಮೇಬುನ್ ಮುಖವೂ ಇಳಿಯಿತು. ಜೀವದ ಒಂದು ಎಳೆ ನದಿಯ ಕಡೆ ಅಲೆಯಲು ಹೋಗಿದೆ ಎಂದು ಮಗುವಿನ ಮಣಿಕಟ್ಟಿಗೆ ಬಿಳಿ ದಾರ ಕಟ್ಟಿ, ಮನೆಗೆ ಬಾ, ಮನೆಗೆ ಬಾ ಎಂದು ಕರೆದಳು. ಬುವಲೊಯ್ ಕಾಯಲಿಲ್ಲ. ಮಗುವನ್ನು ಎದೆಗವಚಿಕೊಂಡು ಸಂತೆಯೂರಿನ ದೋಣಿ ಹತ್ತಿದಳು. ಅತ್ತೆ ಗೊಣಗುತ್ತಲೇ ಹಿಂದೆ ಬಂದಳು.

ಸಂತೆಯಲ್ಲಿ ಔಷಧಿ ಅಂಗಡಿಯ ಓನ್‌ಕೇವ್ ಕೇಳಿದವರಿಗೆ ಕೇಳಿದ್ದನ್ನು ಕೊಡುವ ಹೆಂಗಸು.

"ಅಕ್ಕಾ, ಶಕ್ತಿ ಬರೋ ವಿಟಮಿನ್ ಮಾತ್ರೆ ಕೊಡಿ. ಮಗೂಗೆ ಅರೆದು ಕುಡಿಸ್ತೀನಿ."

ಡಬ್ಬಿಗೆ ಚಾಚಿದ ಓನ್‌ಕೇವ್ ಕೈ, ಕೂಸಿನ ದನಿಯಿಲ್ಲದ ಬಾಯಿ ಕಂಡೊಡನೆ ನಿಂತಿತು. "ಇದು ನಿನಗಾದ್ರೆ ಚೀಟಿ ಇಲ್ದೇನೂ ಕೊಡ್ತೀನಿ. ಕೂಸಿಗೆ ಮಾತ್ರೆ ನೆಚ್ಚಿಕೊಂಡು ಕೂರೋ ಹೊತ್ತಲ್ಲ ಇದು. ಇಂಜೆಕ್ಷನ್ ಬೇಕು, ಡಾಕ್ಟ್ರೇ ಬರೀಬೇಕು. ಓಡು."

"ಗಿರಾಕೀನ ಓಡಿಸೋ ಅಂಗಡಿ ಇವತ್ತೇ ನೋಡಿದ್ದು," ಅಂದಳು ಮೇಬುನ್.

"ಮೊಮ್ಮಗು ಅತ್ತ ಮೇಲೆ ಬಂದು ಬೈಯಿ, ಅಜ್ಜಿ."

ಆಸ್ಪತ್ರೆಯಲ್ಲಿ ಡಾಕ್ಟರು ಮಗುವಿನ ಎದೆಗೆ ಕಿವಿಗೊಟ್ಟು, "ನೀನು ಏನು ಉಣ್ತಿದೀಯಮ್ಮ?" ಎಂದರು.

ಬುವಲೊಯ್ ಬಾಯಿ ತೆರೆಯುವ ಮೊದಲೇ ಮೇಬುನ್ ಹೆಮ್ಮೆಯಿಂದ ಹೇಳಿದಳು: "ಅನ್ನ, ಉಪ್ಪು, ಶುಂಠಿ. ಬೇರೆ ಒಂದು ತುತ್ತೂ ಇಲ್ಲ."

"ಅದರಲ್ಲಿ ಬಿ-ಒನ್ ವಿಟಮಿನ್ ಸಾಲೋದಿಲ್ಲ, ಅಜ್ಜಿ. ತಾಯಿಗೇ ಇಲ್ದಿದ್ದು ಹಾಲಿಗೆ ಎಲ್ಲಿಂದ ಬರುತ್ತೆ?" ಎನ್ನುತ್ತ ಡಾಕ್ಟರು ಚೀಟಿ ಬರೆದು, ಆಗಲೇ ಇಂಜೆಕ್ಷನ್ ಕೊಡಿಸಿದರು. ತಾಯಿ ಅಂಗಡಿಯ ಮಾತ್ರೆ ನುಂಗಲಿ, ಮೀನು, ಹಂದಿಮಾಂಸ, ಕಾಳು ತಿನ್ನಲಿ ಎಂದರು.

ಬುವಲೊಯ್ ಕಣ್ಣು ಮುಚ್ಚಿ ಕಿವಿಯಾಗಿ ಕೂತಳು. ಸಂಜೆಯ ಬೆಳಕು ಕಿಟಕಿಯಿಂದ ಇಳಿಯುತ್ತಿದ್ದಾಗ, ಬಹುಕಾಲ ಮುಟ್ಟದ ಮಗ್ಗ ಕಿರುಗುಟ್ಟಿದಂಥ ಒಂದು ಸಣ್ಣ ಸದ್ದು. ಮತ್ತೊಂದು. ಆಮೇಲೆ ಇಡೀ ವಾರ್ಡು ತಿರುಗಿ ನೋಡುವ ಹಾಗೆ ಕೂಸು ಅತ್ತಿತು.

"ನೋಡಿದ್ಯಾ, ನನ್ನ ದಾರ ಎಳ್ಕೊಂಡು ಬಂತು," ಅಂದಳು ಮೇಬುನ್. ಬುವಲೊಯ್ ಮಗುವನ್ನು ಎದೆಗೆ ಹಚ್ಚಿದಳು.

ಮಗು ಚೇತರಿಸಿಕೊಂಡ ಮೇಲೆ ಊರಿಗೆ ಮರಳುವಾಗ ಅದು ದೋಣಿಯ ಇಂಜಿನ್ನಿಗೂ ಮೀರಿ ಕಿರುಚುತ್ತಿತ್ತು. ಯಾರೂ ಸಮಾಧಾನ ಮಾಡಲಿಲ್ಲ. ಮೇಬುನ್ ಮಡಿಲಿನ ಎಲೆಪೊಟ್ಟಣ ಬಿಚ್ಚಿ, ಸುಟ್ಟ ಮೀನಿನ ಮುಳ್ಳು ಬಿಡಿಸಿ, ಒಂದು ತುಂಡನ್ನು ಸೊಸೆಯ ಬಾಯಿಗೆ ಹಿಡಿದಳು.

"ನನ್ನ ಮುಖ ಏನ್ ನೋಡ್ತೀಯೆ. ತಿನ್ನು."