ಚೀಸ್ ಸ್ಯಾಂಡ್‌ವಿಚ್ಚೂ ಅಜ್ಜಿಯ ಕಾವಲಿಯೂ

ನಮ್ಮ ಮನೆಗೆ ಬ್ರೆಡ್ಡು ಬಂತೆಂದರೆ ಯಾರಿಗೋ ಜ್ವರ ಎಂದೇ ಅರ್ಥವಾಗಿದ್ದ ಕಾಲ ಅದು. ಅಮ್ಮ ಕುಂದಾಪುರ ಪೇಟೆಯ ಬೇಕರಿಯಿಂದ ಒಂದು ಪೌಂಡು ಬ್ರೆಡ್ಡು ಹಿಡಿದುಕೊಂಡು ಬಸ್ಸಿಳಿದರೆ, ಮನೆ ಮುಟ್ಟುವುದರೊಳಗೆ ನಾಲ್ಕು ಜನ "ಯಾರಿಗ್ ಹುಷಾರಿಲ್ಲೆ?" ಎಂದು ಕೇಳಿಯಾಗುತ್ತಿತ್ತು. ಹಾಗಿರುವಾಗ, ನನಗೆ ಹತ್ತು ವರ್ಷವಾಗಿದ್ದ ಆ ಬೇಸಿಗೆಯಲ್ಲಿ, ಮುಂಬೈಯಿಂದ ರಜೆಗೆ ಬಂದ ಮಾವನ ಮಗಳು ಶ್ವೇತ ಹೇಳಿದ ಮಾತು ಕೇಳಿ ನಾನು ಬಾಯಿ ಬಿಟ್ಟುಕೊಂಡು ನಿಂತೆ.

"ಬ್ರೆಡ್ಡೊಳ್ಗೆ ಕೋಳಿಯಾ?"

"ಹೂಂ. ಅದ್ರ ಮೇಲೆ ಚೀಸ್. ನಮ್ ಬಿಲ್ಡಿಂಗ್ ಕೆಳ್ಗೆ ಒಬ್ಬ ಭಯ್ಯಾ ಮಾಡ್ತ. ಏಕ್‌ದಮ್ ಮಸ್ತ್ ಇರತ್ತ್."

ಶ್ವೇತ ನನಗಿಂತ ಮೂರು ವರ್ಷ ದೊಡ್ಡವಳು. ಅವಳು ಹೇಳಿದ್ದೆಲ್ಲ ನನಗೆ ವೇದವಾಕ್ಯ. ಬರುವಾಗ ಒಂದು ಡಬ್ಬ ಚೀಸು ತಂದಿದ್ದಳು. ಅಜ್ಜಿ ಅದನ್ನು ಮೂಗಿನ ಹತ್ತಿರ ಹಿಡಿದು ಮುಖ ಹಿಂಡಿದ್ದರು. "ಇದೆಂತ ಮಾರಾಯ್ತಿ, ಸಾಬೂನಾ? ಇದ್ನ ತಿಂಬುದಾ, ಇದ್ರಲ್ಲಿ ಮೀವುದಾ?"

ಅಜ್ಜಿ ಅಂದರೆ ಅಮ್ಮನ ಅಮ್ಮ. ಬೈಂದೂರು ದಾರಿಯಲ್ಲಿ ಹೆದ್ದಾರಿಯಿಂದ ಒಂದು ಮೈಲು ಒಳಗಿದ್ದ ಆ ಮನೆಯಲ್ಲಿ ಅವರದೇ ಕಾರುಬಾರು. ಕಣ್ಣಿಗೆ ಪೊರೆ ಬಂದು ಎದುರಿಗಿದ್ದವರ ಮುಖ ಮಂಜಾಗಿ ಕಾಣುತ್ತಿತ್ತು. ಆಪರೇಶನ್ ಎಂದರೆ ಮಾತ್ರ ರೇಗುತ್ತಿದ್ದರು. "ಕೈ ಇತ್ತಲೆ, ಕಣ್ಣ್ ಎಂತಕ್ಕೆ?" ಎನ್ನುವವರು. ಆ ಮಾತು ಬರೀ ಜಂಬದ್ದಲ್ಲ. ಅಜ್ಜಿಯ ನೀರುದೋಸೆ ನೋಡಿದವರಿಗೆ ಅದು ಗೊತ್ತು. ಹಿಟ್ಟು ಹೊಯ್ದಾಗ ಏಳುವ ಚೊಂಯ್ ಸದ್ದಿನಲ್ಲೇ ಕಾವು ಹೆಚ್ಚೋ ಕಡಿಮೆಯೋ ಹೇಳುತ್ತಿದ್ದರು. ಮುಚ್ಚಳ ತೆಗೆಯುವಷ್ಟರಲ್ಲಿ ದೋಸೆಯ ಅಂಚು ತಾನಾಗಿ ಎದ್ದಿರುತ್ತಿತ್ತು, ಬರಿಗೈಯಲ್ಲಿ ಮಡಚಿ ತೆಗೆಯುವುದಷ್ಟೇ ಕೆಲಸ.

ಆ ಕಬ್ಬಿಣದ ಕಾವಲಿ ಅಜ್ಜಿಗೆ ಅವರ ಅತ್ತೆಯಿಂದ ಬಂದದ್ದು. ಅದನ್ನು ಬೇರೆ ಯಾರೂ ಮುಟ್ಟುವಂತಿಲ್ಲ. ಅದರ ಮೇಲೆ ಚಪಾತಿ ಸುಡುವಂತಿಲ್ಲ, ಮೀನು ಹುರಿಯುವುದಂತೂ ಕೇಳಲೇಬೇಡಿ. ತೊಳೆಯುವಂತೆಯೂ ಇಲ್ಲ. ಅರ್ಧ ಈರುಳ್ಳಿಯನ್ನು ತೆಂಗಿನೆಣ್ಣೆಯಲ್ಲಿ ಅದ್ದಿ ಸವರುವುದು, ಕೆಲಸವಾದ ಮೇಲೆ ಬಟ್ಟೆಯಿಂದ ಒರೆಸಿ ಮೊಳೆಗೆ ತೂಗುಹಾಕುವುದು, ಅಷ್ಟೆ. ನನ್ನ ಕಣ್ಣಿಗೆ ಅದು ಮನೆಯಲ್ಲೇ ಅತ್ಯಂತ ಕೊಳಕಾದ ವಸ್ತುವಾಗಿತ್ತು.

ಒಂದು ದಿನ ಅಜ್ಜಿ, ಅಮ್ಮ ಇಬ್ಬರೂ ಬೈಂದೂರಿಗೆ ಹೋದರು. ಅಲ್ಲಿ ಅಜ್ಜಿಯ ಅಣ್ಣ, ನಮ್ಮ ದೊಡ್ಡಜ್ಜ, ಹೊಸ ಮನೆ ಕಟ್ಟಿಸಿದ್ದರು, ಅದರ ಒಕ್ಕಲು, ಎಂದರೆ ಗೃಹಪ್ರವೇಶ. "ಬಾಗಿಲ್ ಹಾಕ್ಕಂಡ್ ಇರಿ. ಒಲೆ ಹತ್ರ ಹೋಪುಕಿಲ್ಲ" ಎಂದು ಅಮ್ಮ ಎರಡೆರಡು ಸಲ ಹೇಳಿದರು. ಬಸ್ಸಿನ ಹಾರ್ನು ದೂರವಾದದ್ದೇ ತಡ, ಶ್ವೇತ ಸೊಂಟಕ್ಕೆ ಶಾಲು ಬಿಗಿದಳು.

ಹಿಂದಿನ ದಿನದ ಕೋಳಿ ಸುಕ್ಕ ಇತ್ತು. ತುಂಡುಗಳಿಂದ ಮಾಂಸ ಬಿಡಿಸಿ ಎಳೆ ಎಳೆ ಮಾಡುವ ಕೆಲಸ ನನ್ನದು. ಅದಕ್ಕೆ ಸಣ್ಣಗೆ ಹೆಚ್ಚಿದ ಈರುಳ್ಳಿ, ಕಾಳುಮೆಣಸಿನ ಪುಡಿ, ನಾಲ್ಕು ಹನಿ ಲಿಂಬೆರಸ. ತನ್ನ ಹಟಕ್ಕೆ ಅಮ್ಮ ಪೇಟೆಯಿಂದ ತಂದಿಟ್ಟಿದ್ದ ಬ್ರೆಡ್ಡಿನ ಹೊರಮೈಗೆ ಶ್ವೇತ ಬೆಣ್ಣೆ ಬಳಿದಳು, ಒಳಗೆ ಚೀಸು ತುರಿದು ಹಾಸಿದಳು, ಅದರ ಮೇಲೆ ಒಂದು ಮುಷ್ಟಿ ಕೋಳಿ, ಮತ್ತೆ ಚೀಸು. ಸ್ಯಾಂಡ್‌ವಿಚ್ಚು ನನ್ನ ಬಾಯಿಗೆ ಹಿಡಿಯುವ ಗಾತ್ರದಲ್ಲಿರಲಿಲ್ಲ.

ಚಪಾತಿ ಕಾವಲಿಯ ಹಿಡಿ ಕಳಚಿ ರಿಪೇರಿಗೆ ಹೋಗಿತ್ತು. ಶ್ವೇತ ಗೋಡೆಯ ಕಡೆ ನೋಡಿದಳು. ನಾನು ಅಜ್ಜಿಯ ಕಾವಲಿಗೆ ಅಡ್ಡ ನಿಂತೆ.

"ಬ್ಯಾಡ, ಅಜ್ಜಿ ಕೊಂದ್ ಹಾಕ್ತ್ರ್."

"ಅವ್ರಿಗೆ ಹ್ಯಾಂಗ್ ಗೊತ್ತಾತ್ತ್? ವರ್ಸಿ ಇಟ್ರೆ ಆಯ್ತಪ."

ಕಾವಲಿ ಒಲೆಗೇರಿತು. ಸ್ಯಾಂಡ್‌ವಿಚ್ಚಿನ ಮೇಲೊಂದು ಸ್ಟೀಲು ತಟ್ಟೆ, ಅದು ಒತ್ತಿಕೊಳ್ಳಲೆಂದು ತಟ್ಟೆಯ ಮೇಲೆ ನೀರು ತುಂಬಿದ ಹಿತ್ತಾಳೆಯ ಚೆಂಬು. ಬೆಣ್ಣೆ ಕರಗಿ ಬ್ರೆಡ್ಡು ಕೆಂಪಾಗುವ ಆ ಪರಿಮಳಕ್ಕೆ ಹಿತ್ತಿಲಿನ ಗೇರುಹಣ್ಣಿನ ವಾಸನೆಯೂ ಅಡಗಿಹೋಯಿತು. ಮೊದಲ ತುತ್ತಿಗೇ ಚೀಸು ಬಾಯಿಂದ ಕೈತನಕ ದಾರವಾಗಿ ಎಳೆದುಕೊಂಡಿತು. ನಮ್ಮದೇ ಮನೆಯ ಸುಕ್ಕ ಹೀಗೂ ಆಗಬಹುದೆಂದು ನನಗೆ ನಂಬಲಿಕ್ಕೇ ಆಗಲಿಲ್ಲ. ಒಂದೊಂದು ಮುಗಿಸಿ ಮತ್ತೊಂದೊಂದನ್ನು ಕಾವಲಿಗೆ ಇಟ್ಟೆವು.

ಎರಡನೆಯ ಸಲ ಚೆಂಬಿನ ಭಾರಕ್ಕೆ ಚೀಸೆಲ್ಲ ಹೊರಗೆ ಹರಿಯಿತು. ಹರಿದದ್ದು ಸುಟ್ಟು ಕಪ್ಪಗೆ ಕಾವಲಿಗೆ ಹಿಡಿದುಕೊಂಡಿತು. ಒರೆಸಿದರೆ ಹೋಗಲಿಲ್ಲ. ಸಟ್ಟುಗದಿಂದ ಎಬ್ಬಿದರೂ ಜಪ್ಪಯ್ಯ ಎನ್ನಲಿಲ್ಲ. ಆಮೇಲೆ ನಾವು ಮಾಡಿದ್ದನ್ನು ನೆನೆದರೆ ಈಗಲೂ ಮೈ ಜುಂ ಎನ್ನುತ್ತದೆ. ಕಾವಲಿಯನ್ನು ಬಾವಿಕಟ್ಟೆಗೆ ಒಯ್ದು, ಬೂದಿ, ಮರಳು, ತೆಂಗಿನ ಸಿಪ್ಪೆ, ಬಟ್ಟೆ ಸಾಬೂನು, ಒಂದಾದ ಮೇಲೊಂದು ಹಾಕಿ ಒಂದು ಗಂಟೆ ತಿಕ್ಕಿದೆವು. ಕಾವಲಿ ಬೆಳ್ಳಗೆ ಹೊಳೆಯತೊಡಗಿತು. ನನಗೋ ಹೆಮ್ಮೆ. ಶ್ವೇತಳಿಗೆ ಮಾತ್ರ ಗಾಬರಿಯಾಯಿತು. "ಇದ್ ಇಷ್ಟ್ ಬೆಳ್ಳಗ್ ಇರ್ಲಿಲ್ಲೆ" ಎಂದವಳೇ ಒಲೆಯ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಕಾವಲಿಗೆ ಮೆತ್ತಿ, ಮೊಳೆಗೆ ತೂಗುಹಾಕಿದಳು.

ಸಂಜೆ ಅಜ್ಜಿ, ಅಮ್ಮನ ಜೊತೆ ದೊಡ್ಡಜ್ಜನೂ ಬಂದರು. "ತಂಗಿ ಕೈಯ ನೀರ್‌ದೋಸೆ ತಿನ್ನದೆ ಒಂದ್ ವರ್ಷ ಆಯ್ತ್" ಎನ್ನುತ್ತಲೇ ಜಗಲಿ ಹತ್ತಿದರು. ಸುಕ್ಕದ ಪಾತ್ರೆ ಖಾಲಿಯಾದದ್ದಕ್ಕೆ ಬೆಕ್ಕಿನ ಮೇಲೆ ದೂರು ಹೇಳಿ ಪಾರಾದೆವು.

ಬೆಳಿಗ್ಗೆ ಒಲೆಯ ಮುಂದೆ ಅಜ್ಜಿ, ಮಣೆಯ ಮೇಲೆ ದೊಡ್ಡಜ್ಜ. ಅಮ್ಮ ಕಾಯಿ ತುರಿಯುತ್ತಿದ್ದರು. ಅಜ್ಜಿ ಎಣ್ಣೆ ಸವರಿ ಹಿಟ್ಟು ಹೊಯ್ದರು. ಚೊಂಯ್ ಎನ್ನಲಿಲ್ಲ. ಮುಚ್ಚಳ ತೆಗೆದರು, ಅಂಚಿಗೆ ಬೆರಳು ಹಾಕಿದರು. ದೋಸೆ ಏಳಲಿಲ್ಲ. ಸಟ್ಟುಗ ಹಾಕಿ ಎಬ್ಬಿದರೆ ಮುದ್ದೆಯಾಗಿ ಬಂತು. ಎರಡನೆಯದೂ ಹಾಗೆಯೇ. ಮೂರನೆಯದರ ಅರ್ಧ ಕಾವಲಿಯಲ್ಲೇ ಉಳಿಯಿತು. ಅಜ್ಜಿ ಸಟ್ಟುಗ ಹಿಡಿಯುವುದನ್ನು ನಾನು ಅವತ್ತೇ ಮೊದಲು ಕಂಡದ್ದು.

ದೊಡ್ಡಜ್ಜ ಬರೀ ತಮಾಷೆಗೇ ಕೇಳಿದರು. "ಎಂತ ತಂಗಿ, ಕೈ ಹೋಯ್ತಾ ನಿಂಗೆ?"

ಅಜ್ಜಿ ತಮ್ಮ ಎರಡೂ ಅಂಗೈಗಳನ್ನು ಮಂಜುಗಣ್ಣಿನ ಹತ್ತಿರ ಹಿಡಿದು ನೋಡಿಕೊಂಡರು. ಊರಿಗೆ ಊರೇ ಹೆದರುತ್ತಿದ್ದ ಹೆಂಗಸಿನ ಮುಖ ಹಾಗೆ ಬಿಳಿಚಿಕೊಳ್ಳುತ್ತದೆಂದು ನಾನು ಎಣಿಸಿರಲಿಲ್ಲ. ಬೈಯುತ್ತಾರೆ, ಕಿರುಚುತ್ತಾರೆ, ಹುಡುಕಿ ಹಿಡಿಯುತ್ತಾರೆ ಎಂದುಕೊಂಡು ಬಾಗಿಲ ಸಂದಿಯಲ್ಲಿ ಅಡಗಿದ್ದೆ. ಇದಕ್ಕೆ ನಾನು ತಯಾರಿರಲಿಲ್ಲ.

"ಕಾವಲಿಗೇ ಎಂತಾರೂ ಆಯ್ತಾ ಕಾಂಬ" ಎಂದರು ಅಮ್ಮ.

"ನಲ್ವತ್ತ್ ವರ್ಷ ಎಂತ ಆಗದ್ ಕಾವಲಿಗೆ ಈಗ ಎಂತ ಆತ್ತ್? ನನ್ ಕೈಯೇ ಹೋಯ್ತ್" ಎಂದು ಅಜ್ಜಿ ಸಟ್ಟುಗವನ್ನು ಅಮ್ಮನ ಕೈಗಿಟ್ಟು ಎದ್ದರು. ಕಾವಲಿಯನ್ನು ಅಟ್ಟಕ್ಕೆ ಹಾಕಿಸಿದರು. ದೊಡ್ಡಜ್ಜ ಅವಲಕ್ಕಿ ತಿಂದು ಬಸ್ಸು ಹತ್ತಿದರು.

ಆಮೇಲೆ ಅಜ್ಜಿ ಅಡುಗೆಮನೆಗೆ ಕಾಲಿಡಲಿಲ್ಲ. ದಾರಿಯ ಕಡೆ ಮುಖ ಮಾಡಿ ಜಗಲಿಯ ಮೂಲೆಯಲ್ಲಿ ಕೂತಿರುತ್ತಿದ್ದರು. ಊಟಕ್ಕೆ ಕರೆದರೆ ಎರಡು ತುತ್ತು. "ಕಣ್ಣೂ ಇಲ್ಲೆ, ಕೈಯೂ ಇಲ್ಲೆ. ಇನ್ನ್ ನಾ ಎಂತಕ್ ಇಪ್ಪುದ್?" ಎಂದು ಅಮ್ಮನ ಹತ್ತಿರ ಹೇಳಿದ್ದು ನನ್ನ ಕಿವಿಗೆ ಬಿತ್ತು. ಅಜ್ಜಿ ಸತ್ತೇಹೋಗುತ್ತಾರೆ, ಅದೂ ನಾನು ತಿಂದ ಸ್ಯಾಂಡ್‌ವಿಚ್ಚಿನಿಂದ ಎಂದು ಎಣಿಸಿ ನನಗೆ ಅನ್ನ ಸೇರದಾಯಿತು. ಶ್ವೇತ ಮಾತ್ರ ನನ್ನ ತಲೆ ಮುಟ್ಟಿ ಆಣೆ ಹಾಕಿಸಿಕೊಂಡಿದ್ದಳು. "ಹೇಳ್ಬ್ಯಾಡ. ಪಪ್ಪ ನನ್ನ್ ಬಿಡುದಿಲ್ಲ."

ಐದನೆಯ ದಿನ ಅವಳು ನೆಂಟರ ಮನೆಗೆಂದು ಸಿದ್ದಾಪುರದ ಬಸ್ಸು ಹತ್ತಿದಳು. ನಾನು ಸೀದಾ ಜಗಲಿಗೆ ಬಂದು, ಅಳುತ್ತಾ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. ಕೋಳಿ, ಚೀಸು, ಚೆಂಬು, ಬೂದಿ, ಸಾಬೂನು, ಮಸಿ.

ಕೆನ್ನೆಗೆ ಫಟಾರನೆ ಬಿತ್ತು. ಅಜ್ಜಿ ನನಗೆ ಹೊಡೆದದ್ದು ಅದೊಂದೇ ಸಲ. ಕಿವಿ ಗುಂಯ್ ಎನ್ನುತ್ತಿರುವಾಗಲೇ ಅವರು ನನ್ನ ಎರಡೂ ಭುಜ ಹಿಡಿದು ಮುಖದ ಹತ್ತಿರ ಎಳೆದುಕೊಂಡರು.

"ಹಂಗಾರೆ ನನ್ ಕೈ ಹೋಯ್ಲಿಲ್ಯಾ?"

"ಇಲ್ಲೆ ಅಜ್ಜಿ."

"ದೇವ್ರಾಣೆಗೂ?"

"ದೇವ್ರಾಣೆಗೂ."

ಅವರ ಕಣ್ಣಿಂದ ನೀರು ಇಳಿಯುತ್ತಿತ್ತು, ಬಾಯಿ ನಗುತ್ತಿತ್ತು. ನನಗೆ ಪೆಟ್ಟಿಗಿಂತ ಆ ನಗು ದೊಡ್ಡ ಆಘಾತ. "ಮುಂಡೇದೇ, ಬದುಕ್ಸಿದೆ ನೀ ನನ್ನ" ಎಂದು ಸೆರಗು ಸಿಕ್ಕಿಸಿ ಎದ್ದರು. ಕಾವಲಿ ಅಟ್ಟದಿಂದ ಇಳಿಯಿತು. ಅದನ್ನು ಮತ್ತೆ ಪಳಗಿಸಲೆಂದು ಎಣ್ಣೆ ಸವರಿ ಕಾಯಿಸುವುದು, ಈರುಳ್ಳಿ ಉಜ್ಜುವುದು, ಆರಿಸುವುದು, ಮತ್ತೆ ಕಾಯಿಸುವುದು. ಕೆಟ್ಟ ದೋಸೆಗಳೆಲ್ಲ ಮೂರು ದಿನ ಕೋಳಿಗಳಿಗೆ ಸಂದವು. "ಹೆಣ್ಣೇ, ಬಂದ್ ಕಾಣ್. ಕಾವು ಎಷ್ಟ್ ಬೇಕ್ ಹೇಳಿ ಕೊಡ್ತೆ, ಮುಂದಕ್ಕೆ ಬೇಕಾತ್ತ್" ಎಂದು ಕರೆದರು. ನಾನು ಒಂದು ನಿಮಿಷ ನಿಂತು ನೋಡಿ, ಗೇರುಬೀಜ ಹೆಕ್ಕಲು ಓಡಿದೆ.

ನಾಲ್ಕನೆಯ ಬೆಳಿಗ್ಗೆ ಕಾವಲಿ ಚೊಂಯ್ ಎಂದಿತು. ದೋಸೆ ಬರಿಗೈಗೆ ಎದ್ದು ಬಂತು. ಅವತ್ತು ಸಂಜೆ ಅಜ್ಜಿ ಮೆಲ್ಲಗೆ ಕೇಳಿದರು, "ಆ ಸಾಬೂನ್ ಇನ್ನೂ ಇತ್ತಾ?" ರಿಪೇರಿಯಾಗಿ ಬಂದ ಚಪಾತಿ ಕಾವಲಿಯ ಮೇಲೆ ನಾನೇ ಒಂದು ಸ್ಯಾಂಡ್‌ವಿಚ್ಚು ಮಾಡಿಕೊಟ್ಟೆ. ಪೂರ್ತಿ ತಿಂದು ಕೈ ನೆಕ್ಕಿ, "ಕೋಳಿಗೆ ಖಾರ ಸಾಲ್ದ್" ಎಂದರು.

ಈಗ ಬ್ರಹ್ಮಾವರದ ನಮ್ಮ ಮನೆಯಲ್ಲಿ ಭಾನುವಾರವೆಂದರೆ ನನ್ನ ಮಗಳ ಚಿಕನ್ ಚೀಸ್ ಸ್ಯಾಂಡ್‌ವಿಚ್ಚು. ಅದಕ್ಕೊಂದು ಕರೆಂಟಿನ ಯಂತ್ರವಿದೆ, ಚೀಸು ಎದುರಿನ ಅಂಗಡಿಯಲ್ಲೇ ಸಿಗುತ್ತದೆ. ಬ್ರೆಡ್ಡು ಹಿಡಿದು ಬರುವಾಗ ಯಾರಿಗೆ ಹುಷಾರಿಲ್ಲವೆಂದು ಯಾರೂ ಕೇಳುವುದಿಲ್ಲ. ನಿಜವಾಗಿ ಹುಷಾರಿಲ್ಲದಾಗಲೂ ಕೇಳುವುದಿಲ್ಲ. ಅಜ್ಜಿ ಹೋಗಿ ಎಷ್ಟೋ ವರ್ಷಗಳಾದವು. ಕಾವಲಿ ನನ್ನ ಪಾಲಿಗೆ ಬಂತು. ಕಪ್ಪಗೆ, ನುಣ್ಣಗೆ, ಅವರು ಬಿಟ್ಟುಹೋದ ಹಾಗೆಯೇ ಇದೆ.

ಕಳೆದ ವಾರ ನೀರುದೋಸೆ ಮಾಡೋಣವೆಂದು ಅದನ್ನು ಒಲೆಗಿಟ್ಟೆ. ಈರುಳ್ಳಿಯಿಂದ ಎಣ್ಣೆ ಸವರಿದೆ, ಹಿಟ್ಟು ಹೊಯ್ದೆ. ಏಳಲಿಲ್ಲ. ಕಾವು ಹೆಚ್ಚಿಸಿದೆ, ಇಳಿಸಿದೆ. ನಾಲ್ಕೂ ದೋಸೆ ಮುದ್ದೆಯಾದವು.

ಮಗಳನ್ನು ಕರೆದು ಕೇಳಿದೆ. "ಈ ಕಾವಲಿ ನೀ ಎಂತಾರೂ ತಿಕ್ಕಿದ್ಯಾ? ಬೈತಿಲ್ಲೆ, ಹೇಳ್."

"ಇಲ್ಲ ಅಮ್ಮ. ನಾ ಮುಟ್ಲೇ ಇಲ್ಲ."

ಸುಳ್ಳು ಹೇಳುತ್ತಿದ್ದಾಳೇನೋ ಎಂಬ ಆಸೆಯಿಂದ ಅವಳ ಮುಖವನ್ನೇ ನೋಡುತ್ತಾ ನಿಂತೆ. ಅವಳು ನಿಜವನ್ನೇ ಹೇಳುತ್ತಿದ್ದಳು.